ಎಡ ಪಕ್ಕೆಯ ಚುಕ್ಕೆಗಳು

ತಿಮಿಂಗಿಲ ಶಾರ್ಕ್ ಎದುರಾದಾಗ ಅದನ್ನು ಬಲ್ಲವರ ಕಣ್ಣು ಮೊದಲು ಹೋಗುವುದು ಎಡ ಪಕ್ಕೆಗೆ. ಕಿವಿರಿನ ಐದು ಸೀಳುಗಳಲ್ಲಿ ಕೊನೆಯದು ಮುಗಿದಲ್ಲಿಂದ ಪಕ್ಕದ ಈಜುರೆಕ್ಕೆಯ ಹಿಂತುದಿಯ ನೇರದವರೆಗಿನ ಒಂದು ಹರಹು ಅದು. ಬೂದುನೀಲಿ ಚರ್ಮದ ಮೇಲೆ ಅಲ್ಲಿ ಬಿಳಿ ಚುಕ್ಕೆಗಳಿರುತ್ತವೆ. ಕೆಲವು ದೊಡ್ಡವು, ಕೆಲವು ಚಿಕ್ಕವು, ಅಲ್ಲೊಂದು ಇಲ್ಲೊಂದು ಜೋಡಿಯಾಗಿ ಅಂಟಿಕೊಂಡಂಥವು, ನಡುವೆ ಮಸುಕು ಗೆರೆಗಳು. ಅಂಗಳದಲ್ಲಿ ರಂಗೋಲಿಗೆ ಚುಕ್ಕೆ ಇಟ್ಟು, ಎಳೆ ಎಳೆಯುವಷ್ಟರಲ್ಲಿ ಯಾರೋ ಎದ್ದು ಹೋದ ಹಾಗೆ. ಒಂದು ಮೀನಿನ ಚುಕ್ಕೆಗಳ ಜೋಡಣೆ ಮತ್ತೊಂದರಲ್ಲಿ ಇರುವುದಿಲ್ಲ, ವರ್ಷಗಳು ಕಳೆದರೂ ಅದು ಮಾಸುವುದಿಲ್ಲ. ಈ ಒಂದು ಹರಹು ಫೋಟೊದಲ್ಲಿ ಸ್ಪಷ್ಟವಾಗಿ ಬಿದ್ದಿದ್ದರೆ ಮೀನು ಯಾವುದು, ಹಿಂದೆ ಎಲ್ಲಿ ಕಾಣಿಸಿಕೊಂಡಿತ್ತು ಎಂದು ಹೇಳಬಹುದು. ಮೀನನ್ನು ಹಿಡಿಯುವುದೂ ಬೇಡ, ಮುಟ್ಟುವುದೂ ಬೇಡ.

ಇದು ಜಗತ್ತಿನ ಅತಿ ದೊಡ್ಡ ಮೀನು. ಹದಿನೆಂಟು ಮೀಟರ್‌ವರೆಗೆ ಬೆಳೆದ ದಾಖಲೆಗಳಿವೆ. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಅದು ತಿಮಿಂಗಿಲವಲ್ಲ. ಕಿವಿರಿನಲ್ಲಿ ಉಸಿರಾಡುವ ಶಾರ್ಕ್, ನಮ್ಮ ಕರಾವಳಿಯವರು ತಾಟೆ ಎನ್ನುವ ಕುಲದ್ದು. ತಿನ್ನುವುದು ಮಾತ್ರ ತೇಲುವ ಸೂಕ್ಷ್ಮಜೀವಿಗಳು, ಮೀನಿನ ಮೊಟ್ಟೆ, ಸೀಗಡಿಯಂಥ ಪುಟ್ಟ ಪ್ರಾಣಿಗಳನ್ನು. ಬಾಯಿ ತೆರೆದು ನೀರು ಸೋಸಿಕೊಂಡು ಸಾಗುತ್ತದೆ. 1828ರಲ್ಲಿ ದಕ್ಷಿಣ ಆಫ್ರಿಕಾದ ಟೇಬಲ್ ಕೊಲ್ಲಿಯಲ್ಲಿ ಈಟಿಗೆ ಸಿಕ್ಕ ಒಂದು ಮೀನನ್ನು ನೋಡಿ ಆಂಡ್ರ್ಯೂ ಸ್ಮಿತ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದಾಗಿ ಒಂದೂವರೆ ಶತಮಾನ ಕಳೆದರೂ ಈ ಮೀನಿನ ಬಗ್ಗೆ ಸಿಕ್ಕ ಮಾಹಿತಿ ಅಷ್ಟಕ್ಕಷ್ಟೆ. ಬಂದ ಹಾಗೆ ಬಂದು ಆಳಕ್ಕೆ ಇಳಿದುಹೋಗುವ ಪ್ರಾಣಿಯ ಲೆಕ್ಕ ಇಡುವುದು ಹೇಗೆ? ಮೈಗೆ ಚುಚ್ಚಿದ ಗುರುತುಪಟ್ಟಿಗಳು ಕಳಚಿ ಬೀಳುತ್ತವೆ. ಈ ವರ್ಷ ಕಂಡದ್ದು ಹೋದ ವರ್ಷದ್ದೋ ಹೊಸದೋ ತಿಳಿಯದಿದ್ದರೆ ಇರುವುದು ನೂರೋ ಸಾವಿರವೋ ಹೇಳಲಾಗದು.

ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ನಿಂಗಲೂ ಹವಳದ ದಿಬ್ಬದಲ್ಲಿ ಹವಳಗಳು ಮಾರ್ಚ್-ಏಪ್ರಿಲ್ ಹೊತ್ತಿಗೆ ಒಟ್ಟಾಗಿ ಮೊಟ್ಟೆ ಬಿಡುತ್ತವೆ. ಆಗ ಅಲ್ಲಿಗೆ ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ. ಬ್ರಾಡ್ ನಾರ್ಮನ್ ಎಂಬ ಜೀವವಿಜ್ಞಾನಿ 1995ರಿಂದ ಅಲ್ಲಿ ನೀರಿಗಿಳಿದು ಅವುಗಳ ಪಕ್ಕೆಯ ಫೋಟೊ ತೆಗೆಯತೊಡಗಿದರು. ಅವರ ಪಟ್ಟಿಯಲ್ಲಿ ಮೊದಲ ಸಂಖ್ಯೆ ಪಡೆದದ್ದು ಬಾಲ ಊನವಾದ ಒಂದು ಗಂಡು. ಅದಕ್ಕೆ ಸ್ಟಂಪಿ ಎಂದು ಹೆಸರಾಯಿತು. ಮುಂದಿನ ವರ್ಷಗಳಲ್ಲೂ ಅದು ಮತ್ತೆ ಮತ್ತೆ ಅದೇ ನೀರಿಗೆ ಬಂದದ್ದು ಫೋಟೊಗಳಲ್ಲಿ ದಾಖಲಾಯಿತು. ಫೋಟೊಗಳು ಕೆಲವೇ ಇದ್ದಾಗ ಕಣ್ಣಿನಿಂದಲೇ ಹೋಲಿಸಬಹುದಿತ್ತು. ಸಾವಿರ ದಾಟಿದ ಮೇಲೆ ಅದು ಮನುಷ್ಯರಿಂದ ಆಗುವ ಕೆಲಸವಾಗಿ ಉಳಿಯಲಿಲ್ಲ.

ಪರಿಹಾರ ಬಂದದ್ದು ಖಗೋಳ ವಿಜ್ಞಾನದಿಂದ. ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ದಿನ, ಬೇರೆ ಬೇರೆ ದೂರದರ್ಶಕದಲ್ಲಿ ಸೆರೆಹಿಡಿದಾಗ ಒಂದು ಚಿತ್ರ ತಿರುಗಿರುತ್ತದೆ, ಇನ್ನೊಂದು ಹಿಗ್ಗಿರುತ್ತದೆ. ಎರಡರಲ್ಲೂ ಇರುವ ನಕ್ಷತ್ರಗಳು ಅವೇ ಎಂದು ತಿಳಿಯುವುದಕ್ಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಗ್ರಾಥ್ 1986ರಲ್ಲಿ ಒಂದು ಗಣಿತ ವಿಧಾನ ಕೊಟ್ಟಿದ್ದರು. ಯಾವುದೇ ಮೂರು ಚುಕ್ಕೆಗಳನ್ನು ಸೇರಿಸಿದರೆ ಒಂದು ತ್ರಿಕೋನ. ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ, ತ್ರಿಕೋನದ ಬದಿಗಳ ಪರಸ್ಪರ ಅನುಪಾತ ಬದಲಾಗುವುದಿಲ್ಲ. ಹತ್ತು ಚುಕ್ಕೆಗಳಿಂದ 120 ತ್ರಿಕೋನಗಳು ಹುಟ್ಟುತ್ತವೆ. ಒಂದು ಚಿತ್ರದ ತ್ರಿಕೋನಗಳು ಇನ್ನೊಂದರವುಗಳ ಜೊತೆ ಸಾಕಷ್ಟು ಸಂಖ್ಯೆಯಲ್ಲಿ ತಾಳೆಯಾದರೆ ಎರಡೂ ಒಂದೇ ಆಕಾಶದವು. ಕಂಪ್ಯೂಟರ್ ತಜ್ಞ ಜೇಸನ್ ಹೋಮ್‌ಬರ್ಗ್, ನಾಸಾದ ಖಗೋಳ ವಿಜ್ಞಾನಿ ಝಾವೆನ್ ಅರ್ಜುಮಾನಿಯನ್ ಮತ್ತು ನಾರ್ಮನ್ ಸೇರಿ ಈ ಲೆಕ್ಕವನ್ನು ಮೀನಿನ ಪಕ್ಕೆಗೆ ಹೊಂದಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಮೀನಿನ ಮೈ ಆಕಾಶದಂತೆ ಸ್ಥಿರವಲ್ಲ, ಈಜುವಾಗ ಬಳುಕುತ್ತದೆ. ಹಾಗಾಗಿ ಕೊನೆಯ ಕಿವಿರು ಸೀಳಿನ ಮೇಲ್ತುದಿ, ಕೆಳತುದಿ, ರೆಕ್ಕೆಯ ಹಿಂತುದಿಯ ನೇರಕ್ಕೆ ಪಕ್ಕೆಯ ಮೇಲೊಂದು ಬಿಂದು, ಹೀಗೆ ಮೂರು ಗುರುತುಗಳನ್ನು ಮೊದಲು ಹಾಕಿಕೊಂಡು ಉಳಿದ ಚುಕ್ಕೆಗಳನ್ನು ಅಳೆಯುತ್ತಾರೆ. ಎಡಪಕ್ಕೆಯೇ ಏಕೆ ಎಂದರೆ, ಎಲ್ಲರೂ ಒಂದೇ ಪಕ್ಕೆಯನ್ನು ತೆಗೆದರಷ್ಟೇ ಒಂದಕ್ಕೊಂದು ಹೋಲಿಸಲು ಸಾಧ್ಯ.

ಇದರಿಂದ ಪ್ರವಾಸಿಗನ ಫೋಟೊಗೆ ಪ್ರಯೋಗಾಲಯದ ದಾಖಲೆಯ ಬೆಲೆ ಬಂತು. ರಜೆಗೆ ಹೋಗಿ ಮುಳುಗು ಹಾಕಿದವರು, ಅವರನ್ನು ಕರೆದೊಯ್ದ ದೋಣಿಯವರು ತೆಗೆದ ಚಿತ್ರಗಳೆಲ್ಲ ಒಂದೇ ಭಂಡಾರಕ್ಕೆ ಬಂದು ಸೇರಿದವು. 1992ರಿಂದ 2014ರವರೆಗಿನ ಲೆಕ್ಕವನ್ನು ನಾರ್ಮನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದಾಗ ಅದರಲ್ಲಿ 54 ದೇಶಗಳಿಂದ ಬಂದ 28,776 ವರದಿಗಳಿದ್ದವು. ಅವುಗಳಿಂದ ಗುರುತಾದ ಮೀನುಗಳು 6,091. ಒಂದು ವಿಶ್ವವಿದ್ಯಾಲಯವೋ ಒಂದು ಸರ್ಕಾರವೋ ಹಡಗು ಕಳಿಸಿ ಇಷ್ಟನ್ನು ಕೂಡಿಸಲು ಆಗುತ್ತಿರಲಿಲ್ಲ.

ಫೋಟೊದಿಂದ ಎಣಿಕೆ ಹೇಗೆ ಹೊರಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಒಂದು ಋತುವಿನಲ್ಲಿ 50 ಪ್ರಾಣಿಗಳ ಫೋಟೊ ಸಿಕ್ಕಿತು ಎಂದುಕೊಳ್ಳಿ. ಮುಂದಿನ ಋತುವಿನಲ್ಲಿ ಮತ್ತೆ 50ರ ಫೋಟೊ ಸಿಕ್ಕಿ, ಅವುಗಳಲ್ಲಿ 25 ಹಳೆಯವೇ ಆಗಿದ್ದರೆ, ಮೊದಲ ಸಲ ನಾವು ಕಂಡದ್ದು ಇರುವುದರಲ್ಲಿ ಅರ್ಧದಷ್ಟು ಎಂದಾಯಿತು. ಅಂದರೆ ಒಟ್ಟು ಸುಮಾರು ನೂರು. ಹಳೆಯವು ಐದೇ ಸಿಕ್ಕಿದ್ದರೆ ಒಟ್ಟು ಐನೂರರ ಹತ್ತಿರ. ಹುಟ್ಟು, ಸಾವು, ವಲಸೆಗಳನ್ನು ಸೇರಿಸಿದಾಗ ಲೆಕ್ಕ ಜಟಿಲವಾಗುತ್ತದೆ ನಿಜ, ಆದರೆ ತಿರುಳು ಇಷ್ಟೆ.

ಇದೇ ಲೆಕ್ಕ ನಮ್ಮ ಅರಬ್ಬಿ ಸಮುದ್ರದ ಒಂದು ದೊಡ್ಡ ಸಂಕಟವನ್ನು ಹೊರಗೆ ತಂದಿತು. ಇಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ಜಗತ್ತಿನ ಬೇರೆ ಹಂಪ್‌ಬ್ಯಾಕ್‌ಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇದೇ ಕಡಲಿನಲ್ಲಿ ಇರುತ್ತವೆ. ಇವುಗಳ ಗುರುತು ಬಾಲದ ಅಡಿಭಾಗದಲ್ಲಿದೆ. ಮುಳುಗುವ ಮುನ್ನ ಬಾಲ ಎತ್ತಿದಾಗ ಕಾಣುವ ಕಪ್ಪು ಬಿಳುಪಿನ ಮಚ್ಚೆ, ಅಂಚಿನ ಕಚ್ಚುಗಳು ಒಂದೊಂದಕ್ಕೆ ಒಂದೊಂದು ಬಗೆ. ಒಮಾನ್ ಕರಾವಳಿಯಲ್ಲಿ ತೆಗೆದ ಇಂಥ ಫೋಟೊಗಳ ಆಧಾರದ ಮೇಲೆ 2011ರಲ್ಲಿ ಪ್ರಕಟವಾದ ಅಂದಾಜು ಕೇವಲ 82. 1965-66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಕಾನೂನು ಮೀರಿ 240ಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದವು. ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಹೀಗೆ ಗುರುತಾದ ಹೆಣ್ಣು ತಿಮಿಂಗಿಲಗಳಲ್ಲಿ ಒಂದರ ಹೆಸರು ಲುಬಾನ್. 2017ರ ನವೆಂಬರ್‌ನಲ್ಲಿ ಒಮಾನ್‌ನ ಮಸೀರಾ ಕೊಲ್ಲಿಯಲ್ಲಿ ಅದಕ್ಕೆ ಉಪಗ್ರಹ ಸಂಕೇತದ ಸಾಧನ ಅಂಟಿಸಿದರು. ಅದು ಪೂರ್ವಕ್ಕೆ ಹೊರಟು ಕಡಲನ್ನೇ ಅಡ್ಡಹಾಯ್ದು ಡಿಸೆಂಬರ್‌ನಲ್ಲಿ ಗೋವಾ ಕರಾವಳಿಯ ಬಳಿ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯತ್ತ ಸಾಗಿತು. ಆ ದಾರಿಯಲ್ಲಿ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳ ಆಚೆಯ ನೀರನ್ನು ಅದು ದಾಟಲೇಬೇಕು. ನಮ್ಮ ಮೀನುಗಾರರು ಬಂಗುಡೆ, ಬೂತಾಯಿಗೆ ಬಲೆ ಬಿಡುವ ಕಡಲಿನಲ್ಲೇ ಅಳಿವಿನ ಅಂಚಿನ ತಿಮಿಂಗಿಲವೊಂದು ಹಾದುಹೋಯಿತು. ಆ ದಿನಗಳಲ್ಲಿ ಯಾರಾದರೂ ದೋಣಿಯಿಂದ ಅದರ ಬಾಲದ ಫೋಟೊ ತೆಗೆದಿದ್ದರೆ ಅದಕ್ಕೆ ಎಷ್ಟು ಬೆಲೆ ಬರುತ್ತಿತ್ತು!

ಚಿತ್ರ ಕೇವಲ ಲೆಕ್ಕ ಕೊಡುತ್ತದೆ ಎಂದುಕೊಳ್ಳಬಾರದು, ಅದು ಕಾನೂನನ್ನೂ ಬದಲಿಸಬಲ್ಲದು. ಇದಕ್ಕೆ ಸಾಕ್ಷಿ ಗುಜರಾತ್. ವೇರಾವಳ, ಸೂತ್ರಾಪಾಡದ ಸುತ್ತ ಮೊದಲು ಯಕೃತ್ತಿನ ಎಣ್ಣೆಗಾಗಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದರು. ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯಲು ಆ ಎಣ್ಣೆ ಬೇಕಿತ್ತು. ಆಮೇಲೆ ತೈವಾನ್ ಮಾರುಕಟ್ಟೆಗೆ ಮಾಂಸ ಹೋಗತೊಡಗಿ ಬೇಟೆ ವ್ಯಾಪಾರವಾಯಿತು. ಮೇಲೆ ತೇಲುತ್ತಿದ್ದ ಮೀನಿಗೆ ಕಬ್ಬಿಣದ ದೊಡ್ಡ ಕೊಕ್ಕೆ ಚುಚ್ಚುವುದು, ಕೊಕ್ಕೆಯ ಹಗ್ಗಕ್ಕೆ ಖಾಲಿ ಪೀಪಾಯಿ ಕಟ್ಟುವುದು, ಮೀನು ಆಳಕ್ಕೆ ಇಳಿಯಲಾರದೆ ದಣಿದ ಮೇಲೆ ದಡಕ್ಕೆ ಎಳೆಯುವುದು. ಚಲನಚಿತ್ರಕಾರ ಮೈಕ್ ಪಾಂಡೆ ಇದನ್ನೆಲ್ಲ ಚಿತ್ರೀಕರಿಸಿ 2000ದಲ್ಲಿ 'ಶೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ದೆಹಲಿಯಲ್ಲಿ ಕುಳಿತವರಿಗೆ ವರದಿಗಳು ಮುಟ್ಟಿಸದ್ದನ್ನು ಆ ದೃಶ್ಯಗಳು ಮುಟ್ಟಿಸಿದವು. 2001ರ ಮೇ 28ರಂದು ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ಗೆ ಸೇರಿತು. ಹುಲಿ, ಆನೆಗಳಿಗೆ ಇರುವ ರಕ್ಷಣೆ ಅದಕ್ಕೂ ಸಿಕ್ಕಿತು.

ಕಾನೂನು ಬಂದರೂ ಬಲೆಗೆ ಬೀಳುವ ಮೀನು ಬೀಳುತ್ತಲೇ ಇತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2004ರಲ್ಲಿ ಅಲ್ಲಿ ಪ್ರಚಾರ ಶುರುಮಾಡಿದಾಗ ಕಥಾವಾಚಕ ಮೊರಾರಿ ಬಾಪು ಜೊತೆಗೂಡಿ, ಇದು ಹೆರಿಗೆಗೆ ತವರಿಗೆ ಬಂದ ಮಗಳಿದ್ದಂತೆ ಎಂದು ಜನರ ಮನವೊಲಿಸಿದರು. ಮೀನುಗಾರರು ಬಲೆ ಕತ್ತರಿಸಿ ಬಿಡತೊಡಗಿದರು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅದಕ್ಕೆ ಪುರಾವೆ ಬೇಕು. ದೋಣಿಗಳಿಗೆ ನೀರು ತಾಗಿದರೂ ಕೆಡದ ಕ್ಯಾಮೆರಾಗಳನ್ನು ಕೊಟ್ಟು ಬಿಡುಗಡೆಯ ಫೋಟೊವನ್ನು ಮೀನುಗಾರರೇ ತೆಗೆಯುವ ವ್ಯವಸ್ಥೆ ಮಾಡಲಾಯಿತು. ಅಧಿಕಾರಿ ಬರುವವರೆಗೆ ಮೀನು ಬಲೆಯಲ್ಲಿ ನರಳುವುದು ತಪ್ಪಿತು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ: ಕೊಕ್ಕೆ ಹಿಡಿದಿದ್ದ ಕೈಗೆ ಕ್ಯಾಮೆರಾ ಬಂತು, ಆ ಕೈಯವರ ಮಾತನ್ನು ಸರ್ಕಾರ ನಂಬಿತು.

ಕಡಲೊಳಗೆ ಫೋಟೊ ತೆಗೆಯುವುದು ಒಂದು ಕಾಲಕ್ಕೆ ಸಾಹಸವೇ ಆಗಿತ್ತು. ಫ್ರಾನ್ಸಿನ ಬಾನ್ಯೂಲ್ಸ್‌ನಲ್ಲಿ ಲೂಯಿ ಬೂತಾನ್ 1893ರಲ್ಲಿ ನೀರೊಳಗೆ ಕ್ಯಾಮೆರಾ ಇಳಿಸಿದಾಗ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಕೊಡಬೇಕಾಗುತ್ತಿತ್ತು. 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಮೊದಲ ಬಣ್ಣದ ಚಿತ್ರಗಳಿಗಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದರು. ಕೆಂಪು ಬೆಳಕನ್ನು ನೀರು ಕೆಲವೇ ಮೀಟರ್‌ಗಳಲ್ಲಿ ಹೀರಿಬಿಡುತ್ತದೆ, ಹಾಗಾಗಿ ಬೆಳಕು ಒದಗಿಸದೆ ಆಳದಲ್ಲಿ ಬಣ್ಣ ಸಿಗದು. ಇವತ್ತು ಆ ಕಷ್ಟ ಮುಕ್ಕಾಲು ಪಾಲು ಇಲ್ಲ. ಅರ್ಧ ಮೀಟರ್ ಅಂತರದ ಎರಡು ಲೇಸರ್ ಚುಕ್ಕೆಗಳನ್ನು ಮೀನಿನ ಮೈಮೇಲೆ ಬೀಳಿಸಿ, ಫೋಟೊದಿಂದಲೇ ಅದರ ಉದ್ದ ಅಳೆಯುತ್ತಾರೆ.

ಆದರೂ ಚಿತ್ರಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಫೋಟೊಗಳಿಂದ ಹೊರಟ ನಕ್ಷೆ ಮೀನುಗಳ ನಕ್ಷೆಯಾಗುವಷ್ಟೇ ಕ್ಯಾಮೆರಾಗಳ ನಕ್ಷೆಯೂ ಆಗಿರುತ್ತದೆ. ಪ್ರವಾಸಿಗರು ಹೋಗುವ ನಿಂಗಲೂ, ಮೆಕ್ಸಿಕೊ, ಫಿಲಿಪ್ಪೀನ್ಸ್‌ಗಳಲ್ಲಿ ದಾಖಲೆ ಹೇರಳವಾಗಿದೆ, ಯಾರೂ ಮುಳುಗದ ಕಡಲುಗಳಲ್ಲಿ ಏನೂ ಇಲ್ಲ. ತಿಮಿಂಗಿಲ ಶಾರ್ಕ್‌ಗಳ ಆ ಫೋಟೊ ಭಂಡಾರದಲ್ಲಿ ಲಿಂಗ ತಿಳಿದ ಮೀನುಗಳಲ್ಲಿ ಮೂರರಲ್ಲಿ ಎರಡು ಪಾಲು ಗಂಡು, ಅದರಲ್ಲೂ ಹೆಚ್ಚಿನವು ಎಳೆಯವು. ಬಸುರಿ ಹೆಣ್ಣುಗಳು ಎಲ್ಲಿ ಹೋಗುತ್ತವೆ? 1995ರಲ್ಲಿ ತೈವಾನ್‌ನಲ್ಲಿ ಸಿಕ್ಕ ಒಂದು ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 300 ಭ್ರೂಣಗಳಿದ್ದವು. ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಮಾತ್ರ ಇಂದಿಗೂ ಯಾರೂ ಕಂಡಿಲ್ಲ. ಕ್ಯಾಮೆರಾ ಇಲ್ಲದ ಕಾಲವೂ ಇದೆ: ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆ 61 ದಿನ ಆಳಕಡಲಿಗೆ ಹೋಗುವ ದೋಣಿಯೇ ಇಲ್ಲದ ಮೇಲೆ ಫೋಟೊ ಎಲ್ಲಿಂದ ಬರಬೇಕು? ದಾಖಲೆ ಇಲ್ಲ ಎಂದರೆ ಮೀನೇ ಇರಲಿಲ್ಲ ಎಂದು ಅರ್ಥವಲ್ಲ. ಇನ್ನು ಚಿತ್ರದ ಹುಚ್ಚು ಪ್ರಾಣಿಗೆ ಕಂಟಕವಾಗುವುದೂ ಉಂಟು. ನಿಂಗಲೂನಲ್ಲಿ ಒಂದು ಮೀನಿನ ಬಳಿ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಈಜುವಂತಿಲ್ಲ, ಮೂರು ಮೀಟರ್ ದೂರ ಇರಬೇಕು, ಫ್ಲ್ಯಾಶ್ ಬಳಸುವಂತಿಲ್ಲ. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗು ಹಾಕಿಸುವವರು ಈ ನಿಯಮಗಳನ್ನು ತಮ್ಮದಾಗಿಸಿಕೊಂಡರೆ ಒಳ್ಳೆಯದು.

ಕರ್ನಾಟಕದ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ದ ವರದಿಗಳು ಹಿಂದಿನಿಂದಲೂ ಇವೆ. ಈಗ ಪ್ರತಿ ದೋಣಿಯಲ್ಲೂ ಮೊಬೈಲ್ ಇದೆ, ಜಿಪಿಎಸ್ ಇದೆ. ದೈತ್ಯ ಮೀನು ಕಂಡಿತೆಂದು ವಿಡಿಯೊ ಹರಿದಾಡುತ್ತದೆ, ಎರಡು ದಿನದಲ್ಲಿ ಮರೆತೂ ಹೋಗುತ್ತದೆ. ಯಾವ ತಾರೀಖು, ಯಾವ ಬಂದರಿನಿಂದ ಎಷ್ಟು ದೂರ, ಎಷ್ಟು ಮಾರು ನೀರು ಎಂಬುದೊಂದೂ ಅದರಲ್ಲಿ ಇರುವುದಿಲ್ಲ. ಅಮೂಲ್ಯವಾದ ದಾಖಲೆ ಕೈಗೆ ಬಂದು ಜಾರಿಹೋಗುತ್ತಿದೆ.

ಕಡಲಿಗೆ ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟು. ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ದಿದ್ದರೆ ಮೊದಲು ಬಲೆ ಕತ್ತರಿಸಿ ಬಿಡಿ, ದಡಕ್ಕೆ ಎಳೆಯಬೇಡಿ, ಅದರ ಮೇಲೆ ಹತ್ತಬೇಡಿ. ಸಾಧ್ಯವಾದರೆ ಎಡ ಪಕ್ಕೆಯಲ್ಲಿ ಕಿವಿರಿನ ಹಿಂದಿನ ಭಾಗದ ಒಂದು ಚಿತ್ರ ತೆಗೆಯಿರಿ. ಜಿಪಿಎಸ್‌ನಲ್ಲಿ ಕಾಣುವ ಸ್ಥಾನವನ್ನು, ದಿನ ಮತ್ತು ಹೊತ್ತನ್ನು ಬರೆದುಕೊಳ್ಳಿ. ಅರಣ್ಯ ಇಲಾಖೆಗೆ, ಇಲ್ಲವೇ ಮಂಗಳೂರು ಅಥವಾ ಕಾರವಾರದಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ತಿಳಿಸಿ. ಮತ್ತೊಂದು ಮಾತು: ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಚುಕ್ಕೆಗಳು ಮಸುಕಾಗುತ್ತವೆ, ಒಳಗಿರುವ ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಮೂಲ ಫೋಟೊವನ್ನು ಮೊಬೈಲ್‌ನಲ್ಲೇ ಉಳಿಸಿಕೊಳ್ಳಿ, ಕೇಳಿದವರಿಗೆ ಅದನ್ನೇ ಕೊಡಿ.