ದಕ್ಷಿಣೇಶ್ವರದ ಮಂಜಿನೊಳಗೆ ಏನಿದೆ?

ದಕ್ಷಿಣೇಶ್ವರದ ಯಾತ್ರೆಗೆ ಹೊರಡುವವರು ಚಳಿಗಾಲವನ್ನು ಮೆಚ್ಚುವುದು ಸಹಜ. ಆಗ ಸೆಕೆಯಿಲ್ಲ, ಮಳೆಯಿಲ್ಲ. ಕಲ್ಪತರು ದಿನವಾದ ಜನವರಿ 1ರಂದಂತೂ ಅಲ್ಲಿ ಕಾಲಿಡಲು ಸ್ಥಳವಿರದು. ಆದರೆ ಕೋಲ್ಕತಾ ನಗರದ ಗಾಳಿ ಅತ್ಯಂತ ಕೆಡುವ ಕಾಲವೂ ಅದೇ ಎಂಬುದನ್ನು ವಾಚಕರಲ್ಲಿ ಅರಿಕೆ ಮಾಡಬಯಸುತ್ತೇವೆ. 1855ರಲ್ಲಿ ಪ್ರತಿಷ್ಠೆಗೊಂಡ ಕಾಳೀಮಂದಿರದ ಘಟ್ಟದಲ್ಲಿ ಬೆಳಗಿನ ಜಾವ ನಿಂತರೆ, ಪಕ್ಕದ ವಿವೇಕಾನಂದ ಸೇತುವೆಯೂ ಮಸುಕಾಗಿ ತೋರುವ ದಿನಗಳುಂಟು. ನೋಡಿದವರು ಅದನ್ನು ಮಂಜೆನ್ನುತ್ತಾರೆ. ಮಂಜೂ ಹೌದು, ಆದರೆ ಬರಿಯ ಮಂಜಲ್ಲ.

ಹಗಲಿನಲ್ಲಿ ನೆಲದ ಕಾವಿಗೆ ಗಾಳಿ ಮೇಲೇರುತ್ತ ಹೊಗೆಯನ್ನೂ ಒಯ್ಯುತ್ತದೆ. ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗನೆ ತಣಿಯುವುದರಿಂದ ಕೆಳಗಿನ ಗಾಳಿ ತಣ್ಣಗೂ ಮೇಲಿನದು ಬೆಚ್ಚಗೂ ಆಗುತ್ತದೆ. ಇಡ್ಲಿ ಪಾತ್ರೆಗೆ ಮುಚ್ಚಳವಿಟ್ಟಂತೆ ಊರಿನ ಹೊಗೆಯೆಲ್ಲ ಒಳಗೇ ಉಳಿಯುತ್ತದೆ.

ಈ ಮುಚ್ಚಳದ ಕೆಳಗೆ ನಡೆಯುವ ರಸಾಯನವೇ ವಿಚಿತ್ರವಾದುದು. ಲಾರಿ ಬಸ್ಸುಗಳ ಇಂಜಿನಿನ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಇವು ಗಾಳಿಯಲ್ಲಿಯೇ ನೈಟ್ರಿಕ್ ಆಮ್ಲವೂ ಗಂಧಕಾಮ್ಲವೂ ಆಗಿ ಮಾರ್ಪಡುತ್ತವೆ. ಚರಂಡಿ, ಕೊಟ್ಟಿಗೆ, ಗೊಬ್ಬರವಿಟ್ಟ ಹೊಲಗಳಿಂದೇಳುವ ಅಮೋನಿಯಾ ಇವುಗಳೊಡನೆ ಸೇರಿದಾಗ ಅತಿಸೂಕ್ಷ್ಮವಾದ ಉಪ್ಪಿನ ಕಣಗಳು ಹುಟ್ಟುತ್ತವೆ. ಅವುಗಳಲ್ಲೊಂದಾದ ಅಮೋನಿಯಂ ನೈಟ್ರೇಟು ಸೆಕೆಗೆ ಮರಳಿ ಅನಿಲವಾಗುತ್ತದೆ. ಚಳಿಯಲ್ಲಿ ಕಣವಾಗಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಅಡಿಗೆಯವರೆಲ್ಲ ಬಲ್ಲರು. ಅದೇ ರೀತಿಯಲ್ಲಿ ಈ ಕಣಗಳೂ ತೇವ ಹೀರಿ ಉಬ್ಬಿ ಸೇತುವೆಯನ್ನು ಮರೆಮಾಡುತ್ತವೆ. ಯಾವ ಚಿಮಣಿಯಿಂದಲೂ ಹೊರಬೀಳದೆ ಗಾಳಿಯಲ್ಲಿಯೇ ಹುಟ್ಟಿದ ಧೂಳಿದು! 2.5 ಮೈಕ್ರಾನಿಗಿಂತ ಸಣ್ಣದಾದ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯಬಲ್ಲವು. ಇಂಥವು ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಮ್ ಮೀರಕೂಡದೆಂದು ನಮ್ಮ ದೇಶದ ನಿಯಮ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿಯಾದರೋ 15 ಮಾತ್ರ.

ಹೊಗೆಯ ವಿಷಯದಲ್ಲಿ ಆ ನಗರ ಹಿಂದಿನಿಂದಲೂ ನಿರ್ಲಕ್ಷ್ಯವಾಗಿತ್ತೆನ್ನಲಾಗದು. 1905ರಲ್ಲಿಯೇ ಬಂಗಾಳದಲ್ಲಿ ಧೂಮನಿವಾರಣೆಯ ಕಾಯಿದೆಯಾಯಿತು. ಆದರೆ ಅಂದಿನ ಅಧಿಕಾರಿಗಳು ಅಳೆಯುತ್ತಿದ್ದುದು ಚಿಮಣಿಯ ಹೊಗೆಯ ಕಪ್ಪನ್ನು. ಬಣ್ಣವಿಲ್ಲದ ಅನಿಲ ಆ ಅಳತೆಗೆ ಸಿಕ್ಕುವುದೆಂತು? ಹೈಕೋರ್ಟಿನ ಆಜ್ಞೆಯ ಮೇರೆಗೆ 2009ರಲ್ಲಿ ಹದಿನೈದು ವರ್ಷ ಮೀರಿದ ಬಾಡಿಗೆ ವಾಹನಗಳನ್ನು ರಸ್ತೆಯಿಂದ ತೆಗೆಯಲಾಯಿತು. 2020ರ ಏಪ್ರಿಲಿನಿಂದ ದೇಶದಾದ್ಯಂತ ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಇವು ಒಳ್ಳೆಯ ಕೆಲಸಗಳೇ.

ಹೋಟೇಲಿನ ಒಲೆಯ ಮುಂದೆ ಬೆವರು ಸುರಿಸಿದವರಾದ ನಾವು ಇನ್ನೊಂದು ಮಾತನ್ನು ಹೇಳದಿರಲಾರೆವು. ಕಣ್ಣನ್ನು ನಂಬಿ ಮೋಸಹೋಗುವುದು ಅಡಿಗೆಮನೆಯಲ್ಲಿಯೂ ಉಂಟು. ಹೊಗೆಯಾಡುವ ಒಲೆಗೆ ಎಲ್ಲರೂ ಬೈಯುತ್ತಾರೆ. ನಿಗಿನಿಗಿ ಕೆಂಡಕ್ಕೆ ಯಾರೂ ಅಂಜುವುದಿಲ್ಲ. ಆ ಕೆಂಡದಿಂದಲೇ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತವನ್ನು ಹಿಡಿದುಕೊಳ್ಳುವುದು. ಚಳಿಗೆಂದು ಬಾಗಿಲು ಮುಚ್ಚಿ ಇದ್ದಲೊಲೆಯ ಮಗ್ಗುಲಲ್ಲಿ ಮಲಗುವ ಹುಡುಗರು ಮರುದಿನ ಏಳದೆ ಹೋಗಬಹುದು. ಇದನ್ನು ತಡೆಯಬೇಕಾದವರು ಮಾಲಿಕರು. ಒಂದು ಕಂಬಳಿಯ ಬೆಲೆ ಎಷ್ಟಾದೀತು?

ಯಾತ್ರೆ ಹೋಗುವ ವೃದ್ಧರೂ ದಮ್ಮಿನವರೂ ನಸುಕಿನ ದರ್ಶನದ ಹಟ ಬಿಟ್ಟು, ಬಿಸಿಲೇರಿ ಆ ಮುಚ್ಚಳ ಸಡಿಲಿದ ಬಳಿಕ ಘಟ್ಟಕ್ಕೆ ಇಳಿಯುವುದು ಲೇಸು. ಮೂಗಿಗೆ ಒತ್ತಿದ ಕರವಸ್ತ್ರದಿಂದ ರಸ್ತೆಯ ದಪ್ಪ ಧೂಳು ತಡೆಯಬಹುದಷ್ಟೇ; ಈ ಸೂಕ್ಷ್ಮ ಕಣಗಳಿಗೆ ಎನ್-95 ಮುಖವಾಡವೇ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕುಳಿತಿರಬೇಕು.