ಪಟದಲ್ಲಿದ್ದ ಪಪ್ಪ

ಪವಿತ್ರ ಕುಟುಂಬದ ಹಬ್ಬದಂದು ನಮ್ಮ ಇಗರ್ಜಿಗಳಲ್ಲಿ ಓದಲಾಗುವ ಶುಭಸಂದೇಶಗಳಲ್ಲಿ ಈಜಿಪ್ಟಿಗೆ ಪಲಾಯನಗೈದ ವೃತ್ತಾಂತವೂ ಒಂದು. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಜೋಸೆಫನು ರಾತ್ರೋರಾತ್ರಿ ಹೊರಟ ಸಂಗತಿಯನ್ನು ಮತ್ತಾಯನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾನೆ. ದಾರಿಯಲ್ಲಿ ಮಗು ಅತ್ತಿತೆ, ಮೊದಲ ದಿನ ಎಲ್ಲಿ ತಂಗಿದರು, ಏನು ಉಂಡರು, ಒಂದೂ ತಿಳಿಯದು. ಎರಡು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಡಲು ದಾಟಿದ ನನ್ನಂಥವಳಿಗೆ ಈ ಮೌನ ತುಸು ಅನ್ಯಾಯವೆಂದು ತೋರಿದರೆ ಸುವಾರ್ತಿಕರು ಕ್ಷಮಿಸಬೇಕು.

ಆದರೂ ಆ ಮಗುವಿಗೆ ಒಂದು ಭಾಗ್ಯವಿತ್ತು: ಜೋಸೆಫನು ಜೊತೆಗಿದ್ದನು. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಕ್ರಮವೇ ಬೇರೆ. ಇಲ್ಲಿ ಜೋಸೆಫನು ವರ್ಷಗಳ ಹಿಂದೆಯೇ ಕೊಲ್ಲಿ ರಾಷ್ಟ್ರಕ್ಕೆ ತೆರಳಿರುತ್ತಾನೆ. ತಾಯಿ ಮತ್ತು ಮಕ್ಕಳು ಅವನನ್ನು ಅರಸಿಕೊಂಡು ಆಮೇಲೆ ಹೊರಡುತ್ತಾರೆ.

ನಾವು ಹೊರಟದ್ದು 1994ರ ನವೆಂಬರಿನಲ್ಲಿ. ನಮ್ಮವರು ದುಬಾಯಿಯಲ್ಲಿದ್ದರು. ಎರಡು ವರ್ಷಗಳಿಗೊಮ್ಮೆ ರಜೆ. 1992ರ ಆರಂಭದಲ್ಲಿ ಬಂದು ಹೋದವರು ಆ ಅಕ್ಟೋಬರಿನಲ್ಲಿ ಹುಟ್ಟಿದ ಮಗನನ್ನು ಕಂಡೇ ಇರಲಿಲ್ಲ. 1994ರ ರಜೆಯ ಸಂಬಳವನ್ನು ನಮ್ಮ ಟಿಕೆಟಿಗೆ ಹಾಕಿ, ಕುಟುಂಬದ ವೀಸಾ ಮಾಡಿಸಿದರು. ಮಗಳಿಗೆ ಏಳು ವರ್ಷ. ಮಗನಿಗೆ ಎರಡು ವರ್ಷ ಒಂದು ತಿಂಗಳು. ಎರಡು ತುಂಬದ ಕೂಸಿಗೆ ಪ್ರತ್ಯೇಕ ಆಸನವಿಲ್ಲದೆ ಶೇಕಡಾ 10ರಷ್ಟು ದರದಲ್ಲಿ ಟಿಕೆಟು ದೊರೆಯುತ್ತದೆ. ಒಂದು ತಿಂಗಳಿನ ಅಂತರದಲ್ಲಿ ಆ ಲಾಭ ಕೈತಪ್ಪಿ, ಅವನಿಗೂ ಒಂದು ಸೀಟು ಕೊಳ್ಳಬೇಕಾಯಿತು. ಆ ಸೀಟಿನಲ್ಲಿ ಅವನು ಐದು ನಿಮಿಷವೂ ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ನನ್ನ ಮಡಿಲಲ್ಲೇ ಇದ್ದನು.

ಬಜ್ಪೆಯಿಂದ ದುಬಾಯಿಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಕೊಂಕಣ ರೈಲು ಪೂರ್ಣಗೊಂಡದ್ದು 1998ರಲ್ಲಿ. ನಮಗೆ ಎರಡೂ ಇರಲಿಲ್ಲ. ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಮುಂಬಯಿ ಸೇರಿ, ಕುರ್ಲಾದ ಬಂಧುಗಳ ಮನೆಯಲ್ಲಿ ಎರಡು ದಿನ ತಂಗಿ, ಗುರುವಾರದ ನಸುಕಿಗೆ ಮುನ್ನ ಸಹಾರ್ ವಿಮಾನ ನಿಲ್ದಾಣಕ್ಕೆ ಬಂದೆವು. ಅತ್ತೆಯವರು ಕಟ್ಟಿಕೊಟ್ಟ ಗಂಟಿನಲ್ಲಿ ಬಾಫಾತಿನ ಪುಡಿ, ಒಣ ಸಿಗಡಿ, ಹಪ್ಪಳ, ಮಾವಿನ ಉಪ್ಪಿನಕಾಯಿ ಮತ್ತು ಐದು ಸೇರು ಕುಚ್ಚಲಕ್ಕಿ. ತಕ್ಕಡಿ ಒಪ್ಪಲಿಲ್ಲ. ಅಕ್ಕಿಯನ್ನು ಹೊರತೆಗೆದು ಬಾಗಿಲಲ್ಲಿ ಕಾಯುತ್ತಿದ್ದ ಬಂಧುಗಳ ಕೈಗೆ ಕೊಟ್ಟೆ. ಮಗನಿಗೆಂದೇ ಅತ್ತೆ ಅಳೆದು ತುಂಬಿದ್ದ ಅಕ್ಕಿಯದು. ನನಗೆ ಕಣ್ಣೀರು ಬಂದದ್ದು ಊರು ಬಿಟ್ಟಾಗ ಅಲ್ಲ, ಆ ಗಳಿಗೆಯಲ್ಲಿ.

ಆಗ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲಿಯೇ ಸೇರಿಸಬಹುದಾಗಿತ್ತು. ಇಂದು ಹಸುಳೆಗೂ ಸ್ವಂತ ಪಾಸ್‌ಪೋರ್ಟು ಬೇಕು. ಒಂದೇ ಪುಸ್ತಕದಲ್ಲಿ ಮೂವರಿದ್ದುದರಿಂದ ಎಲ್ಲಿಯೂ ಒಬ್ಬರನ್ನು ಬಿಟ್ಟು ಒಬ್ಬರು ಸಾಗುವಂತಿರಲಿಲ್ಲ. ಅಧಿಕಾರಿಯು ಪುಟ ತಿರುವುತ್ತ ಮಗನ ಮುಖವನ್ನೂ ಚಿತ್ರವನ್ನೂ ಎರಡೆರಡು ಬಾರಿ ನೋಡಿದನು. ಚಿತ್ರ ತೆಗೆಸಿದಾಗ ಅವನಿಗೆ ಹಲ್ಲು ಬಂದಿರಲಿಲ್ಲ.

ವಿಮಾನ ಇಳಿಯತೊಡಗಿದಾಗ ನಿದ್ರಿಸುತ್ತಿದ್ದ ಮಗ ಒಮ್ಮೆಲೇ ಚೀರಿಕೊಂಡನು. ನನಗೆ ಕಾರಣ ಹೊಳೆಯಲಿಲ್ಲ. ಮೇಲೇರುವಾಗಲೂ ಇಳಿಯುವಾಗಲೂ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಉಗುಳು ನುಂಗಿದಾಗ ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ಸಣ್ಣ ನಳಿಕೆ ತೆರೆದು ಆ ಒತ್ತಡ ಸರಿಹೊಂದುತ್ತದೆ. ನಿದ್ರಿಸುವ ಮಗು ನುಂಗುವುದು ಕಡಿಮೆ. ಇದನ್ನೆಲ್ಲ ನಾನು ತಿಳಿದದ್ದು ವರ್ಷಗಳ ಬಳಿಕ. ಇಳಿಯುವ ಮುನ್ನ ಎಬ್ಬಿಸಿ ಒಂದು ಗುಟುಕು ಹಾಲು ಕುಡಿಸಿದ್ದರೆ ಸಾಕಿತ್ತು. ಎಳೆಯ ಮಕ್ಕಳೊಡನೆ ಹೊರಡುವ ತಾಯಂದಿರು ಇದನ್ನು ನೆನಪಿಡಬೇಕು.

ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಇಳಿದೆವು. ನಮ್ಮ ಕೈಯಲ್ಲಿದ್ದುದು ವೀಸಾದ ಮಸುಕಾದ ಪ್ರತಿ ಮಾತ್ರ. ಮೂಲಪತ್ರವನ್ನು ನಮ್ಮವರು ದುಬಾಯಿ ನಿಲ್ದಾಣದಲ್ಲಿ ಮೊದಲೇ ಒಪ್ಪಿಸಿದ್ದರು. ಅದನ್ನು ಅಲ್ಲಿನ ಕಿಟಕಿಯಲ್ಲಿ ಪಡೆಯಬೇಕು. ಸಾಲಿನಲ್ಲಿ ಒಂದು ಗಂಟೆ ನಿಂತೆವು. ಕಿವಿಯ ನೋವಿನಿಂದ ಅಳುವ ಮಗ, ಬಾಯಾರಿದ ಮಗಳು, ಅರಬ್ಬಿ ಅಕ್ಷರದ ಫಲಕಗಳು. ಕೊನೆಗೆ ಗಾಜಿನ ಬಾಗಿಲಿನಾಚೆ ಕಟಕಟೆಯ ಬಳಿ, ಕೈಯಲ್ಲೊಂದು ಕೆಂಪು ಆಟಿಕೆ ಕಾರು ಹಿಡಿದು ನಮ್ಮವರು ನಿಂತಿದ್ದರು.

ಮಗಳು ಓಡಿದಳು. ನಮ್ಮವರು ಅವಳನ್ನು ತಬ್ಬಿಕೊಂಡು, ನೇರವಾಗಿ ನನ್ನ ಬಳಿಗೆ ಬಂದು, "ಬಾ ಪುತಾ" ಎನ್ನುತ್ತ ಮಗನನ್ನು ತೋಳಿಗೆಳೆದುಕೊಂಡರು. ಮಗು ಒಂದು ಕ್ಷಣ ಮರದಂತೆ ಬಿಗಿದುಕೊಂಡಿತು. ಆಮೇಲೆ ಸುತ್ತಲಿನ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕಿರುಚಿತು. ಎದೆಗೆ ಒದೆಯಿತು. ಅವರು ಏನೂ ಹೇಳದೆ ಅದನ್ನು ನನ್ನ ಕೈಗೆ ಹಿಂದಿರುಗಿಸಿದರು. ಕೆಂಪು ಕಾರು ನೆಲಕ್ಕೆ ಬಿದ್ದಿತ್ತು, ಮಗಳು ಎತ್ತಿಕೊಂಡಳು. ಟ್ಯಾಕ್ಸಿಯಲ್ಲಿ ಅವರು ಚಾಲಕನ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಹಿಂದಿರುಗಿ ನೋಡಲಿಲ್ಲ. ಸಂತ ಮರಿಯಮ್ಮನವರ ದೇವಾಲಯ ಬಂದಾಗ ಮಾತ್ರ, "ಅಗೋ, ನಮ್ಮ ಇಗರ್ಜಿ. ನಾಳೆ ಶುಕ್ರವಾರದ ಪೂಜೆಗೆ ಹೋಗೋಣ" ಎಂದರು. ದೊರೆ ಶೇಖ್ ರಶೀದ್ ನೀಡಿದ ಭೂಮಿಯಲ್ಲಿ 1967ರಲ್ಲಿ ಆರಂಭವಾಗಿ, 1989ರಲ್ಲಿ ಹೊಸದಾಗಿ ಕಟ್ಟಲ್ಪಟ್ಟ ದೇವಾಲಯವದು. ಅಲ್ಲಿನ ವಾರದ ರಜೆ ಆಗ ಶುಕ್ರವಾರ. ಆದುದರಿಂದ ನಮ್ಮವರ ಭಾನುವಾರವೂ ಶುಕ್ರವಾರವೇ. 2022ರಿಂದ ಅಲ್ಲಿಯೂ ಶನಿವಾರ-ಭಾನುವಾರ ರಜೆಯಾಗಿದೆ.

ಇಂದಿನ ತಂದೆಯರು ಪ್ರತಿ ಸಂಜೆ ಮೊಬೈಲಿನಲ್ಲಿ ಮಗುವಿನ ಮುಖ ನೋಡುತ್ತಾರೆ. ನಮ್ಮ ಅವಸ್ಥೆ ಅವರಿಗಿಲ್ಲವೆಂದು ನಾನೂ ಭಾವಿಸಿದ್ದೆ. ಆದರೆ ಗಾಜಿನೊಳಗಿನ ಮುಖಕ್ಕೆ ಮೈಯಿಲ್ಲ, ಬೆವರಿನ ವಾಸನೆಯಿಲ್ಲ, ಗಡ್ಡ ಚುಚ್ಚುವುದಿಲ್ಲ. ಅದನ್ನು ಬಲ್ಲ ಮಗು ಇದನ್ನೂ ಬಲ್ಲದೆಂದು ತಿಳಿದು ಕೈಚಾಚಿದವರು ಇಂದೂ ಪೆಟ್ಟು ತಿನ್ನುತ್ತಾರೆ. ಕಾಯಿರಿ ಎಂದಷ್ಟೇ ನಾನು ಹೇಳಬಲ್ಲೆ. ಮಗುವಿನ ಕಣ್ಣಿಗೆ ಬೀಳುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ ಕುಳಿತಿರಿ.

ಕರಾಮಾದ ಆ ಫ್ಲ್ಯಾಟಿನಲ್ಲಿ ಎರಡು ಕುಟುಂಬಗಳು. ಕೋಣೆ ಒಬ್ಬೊಬ್ಬರಿಗೆ ಒಂದು, ಅಡುಗೆಮನೆ ಒಂದೇ. ಪಕ್ಕದ ಕೋಣೆಯ ಮಲಯಾಳಿ ಸಹೋದರಿ ನಮಗೆಂದು ಗಂಜಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಮಾಡಿಟ್ಟಿದ್ದರು. ಕುಚ್ಚಲಕ್ಕಿಯದೇ ಗಂಜಿ! ಸಹಾರಿನಲ್ಲಿ ಬಿಟ್ಟುಬಂದ ಅಕ್ಕಿ ನಮಗಿಂತ ಮೊದಲೇ ತಲಪಿದಂತಿತ್ತು. ಮಗ ಎರಡು ಬಟ್ಟಲು ಉಂಡು ಮಲಗಿದನು.

ಸಂಜೆ ಐದೂವರೆಗೆ ಮಸೀದಿಯ ಕರೆ ಕೇಳಿಬಂತು. ಊರಿನಲ್ಲಿ ಇಗರ್ಜಿಯ ಸಂಜೆಗಂಟೆ ಬಾರಿಸಿದೊಡನೆ ಜಪಸರಕ್ಕೆ ಕುಳಿತುಕೊಳ್ಳುವ ರೂಢಿಯಿದ್ದ ಮಗಳು, ಯಾರೂ ಹೇಳದೆಯೇ ಮೊಣಕಾಲೂರಿದಳು. ನಾವೂ ಊರಿದೆವು. ಪ್ರಾರ್ಥನೆಯ ಹೊತ್ತು ಪ್ರಾರ್ಥನೆಯ ಹೊತ್ತೇ ಅಲ್ಲವೆ.

ನಮ್ಮ ಮನೆಗಳ ಪದ್ಧತಿಯಂತೆ ಜಪಸರ ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರೊಬ್ಬೊಬ್ಬರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡಬೇಕು. ಊರಿನಲ್ಲಿ ಮಗ ಅಜ್ಜಿಯ ಬಳಿ, ನನ್ನ ಬಳಿ ಬೇಡಿ, ಕೊನೆಯದಾಗಿ ಯೇಸುವಿನ ತಿರುಹೃದಯದ ಪಟದ ಕೆಳಗೆ ಇರಿಸಿದ್ದ ತಂದೆಯ ಭಾವಚಿತ್ರಕ್ಕೆ ಬೆಸಾಂವ್ ಬೇಡಿ, ಅದಕ್ಕೆ ಮುತ್ತಿಡುತ್ತಿದ್ದನು. ತಂದೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸಿದಾಗಲೂ ಆ ಚಿತ್ರವನ್ನೇ ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಇಡುತ್ತಿದ್ದೆವು. ಅಂದು ಅವನು ನನ್ನ ಬಳಿ ಬೆಸಾಂವ್ ಬೇಡಿ, ಗೋಡೆಯತ್ತ ತಿರುಗಿದನು. ಗೋಡೆ ಬರಿದಾಗಿತ್ತು. ನಾಲ್ಕೂ ಗೋಡೆಗಳನ್ನು ನೋಡಿ, "ಪಪ್ಪ ಎಲ್ಲಿ?" ಎಂದು ಕೇಳಿದನು. ಮಗಳು ನಕ್ಕು ತಂದೆಯನ್ನು ತೋರಿಸಿದಳು. ಅವನು ತಲೆಯಲ್ಲಾಡಿಸಿ ಅಳತೊಡಗಿದನು.

ನಮ್ಮವರು ಈ ಸಲ ಕೈಚಾಚಲಿಲ್ಲ. ಜೇಬಿನಿಂದ ತಮ್ಮ ಲೇಬರ್ ಕಾರ್ಡನ್ನು ತೆಗೆದು ಚಾಪೆಯ ಮೇಲಿಟ್ಟು ಹಿಂದೆ ಸರಿದರು. ಅದರಲ್ಲಿ ಅವರ ಚಿಕ್ಕ ಭಾವಚಿತ್ರವಿತ್ತು. ಮಗ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದನು. ಕೈಮುಗಿದನು. ಕಾರ್ಡಿಗೆ ಮುತ್ತಿಟ್ಟನು. "ದೇವರು ನಿನ್ನನ್ನು ಆಶೀರ್ವದಿಸಲಿ, ಪುತಾ" ಎಂದು ನಮ್ಮವರು ಗೋಡೆಗೊರಗಿ ಕುಳಿತಲ್ಲಿಂದಲೇ, ಕ್ಯಾಸೆಟ್ಟಿನಲ್ಲಿ ಹೇಳುತ್ತಿದ್ದಂತೆಯೇ ಹೇಳಿದರು. ಮಗ ಕಾರ್ಡನ್ನೂ ಅವರನ್ನೂ ಒಮ್ಮೆ ನೋಡಿ, ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಮಡಿಲಿಗೆ ಬಂದನು.

ರಾತ್ರಿ ಅವನು ಮಲಗಿದ ಮೇಲೆ ಕಾರ್ಡನ್ನು ಮೆಲ್ಲಗೆ ಬಿಡಿಸಿಕೊಳ್ಳಲು ಹೋದೆ. ನಮ್ಮವರು ತಡೆದರು. "ಇರಲಿ ಬಿಡು, ನಾಳೆ ಶುಕ್ರವಾರ. ಕೆಲಸವಿಲ್ಲ" ಎಂದರು.