ಸತ್ತವರ ಜಾಡು ಹಿಡಿದು: ಹಳೇಬೀಡು, ಬೇಲೂರು, ಅರಸೀಕೆರೆ

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಗೋಡೆಯ ಆನೆಸಾಲು ನೋಡಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು, ಎಳನೀರು ಕುಡಿದು ಬೇಲೂರಿನ ಬಸ್ಸು ಹತ್ತುತ್ತಾರೆ. ದೇಗುಲದ ದಕ್ಷಿಣಕ್ಕೆ ಒಂದು ಕಂಬವಿದೆ. ಗೈಡುಗಳು ಅದರ ಬಳಿ ನಿಂತರೂ ಅರೆನಿಮಿಷ. ನೀವು ಮಾತ್ರ ಅಲ್ಲಿ ಅರ್ಧ ಗಂಟೆ ನಿಲ್ಲಿ. ಈ ಸೀಮೆಯಲ್ಲಿ ದೇವರಿಗೆ ಕಟ್ಟಿದ ಕಲ್ಲಿನಷ್ಟೇ ಸತ್ತವರಿಗೆ ನೆಟ್ಟ ಕಲ್ಲೂ ಇದೆ. ಆ ಕಲ್ಲುಗಳ ಜಾಡು ಹಿಡಿದು ನಡೆಯಲು ಇದಕ್ಕಿಂತ ಒಳ್ಳೆಯ ಆರಂಭ ಸಿಗದು.

ಕಂಬದ ಮೈಮೇಲೆ ಕೆತ್ತಿರುವ ವೀರರು ಯಾರೊಂದಿಗೂ ಕಾದುತ್ತಿಲ್ಲ. ಕತ್ತಿ ಹಿರಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರ ಸಮೇತ ಪ್ರಾಣ ಬಿಟ್ಟ ಎನ್ನುತ್ತದೆ ಇಲ್ಲಿಯ ಶಾಸನ. ಸಾವಿರ ಎನ್ನುವುದು ಕವಿಯ ಲೆಕ್ಕವೂ ಇರಬಹುದು. ಆದರೆ ಪದ್ಧತಿ ಕವಿಯ ಕಲ್ಪನೆಯಲ್ಲ. ಒಡೆಯ ಬದುಕಿರುವ ತನಕ ಬದುಕು, ಅವನು ಹೋದ ದಿನ ತಾನೂ ಹೋಗುವುದು: ಹೀಗೆ ಮಾತು ಕೊಟ್ಟವರನ್ನು ಹೊಯ್ಸಳರ ಕಾಲದಲ್ಲಿ ಗರುಡರು ಎನ್ನುತ್ತಿದ್ದರು, ವಿಷ್ಣುವಿಗೆ ಗರುಡನಿದ್ದಂತೆ. ಕೊಟ್ಟ ಮಾತಿನ ಗುರುತಾಗಿ ಲಕ್ಷ್ಮ ಎಡಗಾಲಿಗೆ ತೊಡರು ತೊಟ್ಟಿದ್ದ.

ಶಾಲೆಯ ಪಾಠಗಳಲ್ಲಿ ಇದು ಸ್ವಾಮಿನಿಷ್ಠೆಯ ಪರಾಕಾಷ್ಠೆ. ನನಗೆ ಆ ಮಾತು ಅಷ್ಟು ಸುಲಭವಾಗಿ ಗಂಟಲಿಳಿಯುವುದಿಲ್ಲ. ತನ್ನ ಸಾವಿಗೆ ಕಾಯುವವರನ್ನಲ್ಲ, ತನ್ನ ಉಳಿವಿಗೆ ಜೀವ ತೇಯುವವರನ್ನೇ ರಾಜ ಸುತ್ತ ಇಟ್ಟುಕೊಳ್ಳುವ ಉಪಾಯ ಅದು. ರಾಜ ಸತ್ತರೆ ಅಂಗರಕ್ಷಕನಿಗೆ ನಾಳೆ ಎಂಬುದಿಲ್ಲ, ಹಾಗಾಗಿ ಅವನು ಒಳಸಂಚಿಗೆ ಕೈಜೋಡಿಸಲಾರ. ಸುಗ್ಗಲದೇವಿಯನ್ನು ಯಾರಾದರೂ ಕೇಳಿದ್ದರೇ ಎಂಬುದಕ್ಕೆ ಕಂಬದಲ್ಲಿ ಉತ್ತರವಿಲ್ಲ.

ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ ಬಸ್ತಿಹಳ್ಳಿ. ಮೂರು ಬಸದಿಗಳ ಈ ಅಂಗಳಕ್ಕೆ ಜನ ಬರುವುದು ಪಾರ್ಶ್ವನಾಥ ಬಸದಿಯ ಕನ್ನಡಿಯಂತಹ ಕಂಬಗಳಲ್ಲಿ ಮುಖ ನೋಡಿಕೊಳ್ಳಲು. ಆ ಬಸದಿಯೇ ಒಂದು ಸ್ಮಾರಕ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಅಪ್ಪನ ನೆನಪಿಗೆ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ರಾಜನಿಗೆ ತಲುಪುವ ಹೊತ್ತಿಗೆ ಯುದ್ಧ ಗೆದ್ದ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಕೂಡಿಬಂದವಂತೆ. ರಾಜ ಆ ಜಿನನಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯ ನಾರಸಿಂಹ ಎಂದೂ ಹೆಸರಿಟ್ಟ. ಸಾವಿನ ನೆನಪಿಗೆ ಎದ್ದ ಕಟ್ಟಡ ಹೀಗೆ ಹುಟ್ಟಿನ ಸಂಭ್ರಮಕ್ಕೂ ಒದಗಿತು.

ಇದೇ ಬಸ್ತಿಹಳ್ಳಿಯ ನಿಸಿದಿಗಳು, ಅಂದರೆ ಸಮಾಧಿ ಹೊಂದಿದ ಜೈನರ ನೆನಪಿನ ಶಾಸನಗಳು, ಇನ್ನೊಂದು ಬಗೆಯ ಸಾವನ್ನು ಹೇಳುತ್ತವೆ. 1274ರಲ್ಲಿ ಬಾಲಚಂದ್ರ ಪಂಡಿತದೇವರು ತಾವು ದೇಹ ಬಿಡುವ ಹೊತ್ತನ್ನು ಮೊದಲೇ ತಿಳಿಸಿ, ಎಲ್ಲರ ಕ್ಷಮೆ ಬೇಡಿ, ಪದ್ಮಾಸನದಲ್ಲಿ ಕುಳಿತು ಸಮಾಧಿ ಹೊಂದಿದರು. ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಶ್ರಾವಕರು ಗುರುಗಳ ನೆನಪಿಗೆ ಕಲ್ಲು ಮಾಡಿಸಿದರು. ನಿಸಿದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗುರು, ಶಿಷ್ಯ, ಇಬ್ಬರ ನಡುವೆ ಗ್ರಂಥ ಇಡುವ ಠವಣೆಕೋಲು. ಕತ್ತಿಯಿಲ್ಲ, ರಕ್ತವಿಲ್ಲ, ಪಾಠ ನಡೆಯುತ್ತಿದೆ ಅಷ್ಟೆ. ಗರುಡಗಂಬ ನೋಡಿದ ಕಣ್ಣಿಗೆ ಇದು ಬೇರೆಯೇ ಲೋಕ. ಎರಡೂ ಒಂದೇ ರಾಜಧಾನಿಯವು, ನಡುವೆ ಐವತ್ತು ಚಿಲ್ಲರೆ ವರ್ಷದ ಅಂತರ. ಬಯಸಿ ಸಾಯುವುದರ ಬಗ್ಗೆ ಕನ್ನಡನಾಡು ಎಷ್ಟು ಯೋಚಿಸಿತ್ತು ಎಂದು ತಿಳಿಯಬೇಕಾದರೆ ಷ. ಶೆಟ್ಟರ್ ಅವರ ‘ಸಾವನ್ನು ಅರಸಿ’ ಓದಬೇಕು.

ಇನ್ನು ಬೇಲೂರಿನತ್ತ, ಹದಿನಾರು ಕಿಲೋಮೀಟರ್. ದಾರಿಯ ಊರುಗಳಲ್ಲಿ ಕೆರೆ ಏರಿ, ಹೊಲದ ಬದು, ಊರಬಾಗಿಲ ಕಡೆ ಕಣ್ಣಿರಲಿ. ವೀರಗಲ್ಲು ಓದುವುದನ್ನು ಕಲಿಯಲು ಪಂಡಿತರಾಗಬೇಕಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವಿನದರಲ್ಲಿ ಅಪ್ಸರೆಯರು ಮಡಿದ ವೀರನನ್ನು ಎತ್ತಿ ಒಯ್ಯುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ, ನೆತ್ತಿಯಲ್ಲಿ ಸೂರ್ಯ ಚಂದ್ರ. ಕೆಳಪಟ್ಟಿಕೆಯಲ್ಲಿ ಹಸುಗಳಿದ್ದರೆ ಅದು ತುರುಗಾಳಗ: ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವನು. ಬಳೆ ತೊಟ್ಟು ಮೇಲೆತ್ತಿದ ಒಂದೇ ಕೈ ಕಂಡರೆ ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳದು. ಇವ್ಯಾವುವೂ ಗೋರಿಗಳಲ್ಲ. ಹೆಣ ಸುಟ್ಟು ಬೂದಿಯಾಗಿ ಹೋಗಿದೆ, ಉಳಿದಿರುವುದು ಊರಿನವರ ಮಾತು ಮಾತ್ರ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ಕಲ್ಲು ಹಾಗಾಗಿ ಗೌರವವೂ ಹೌದು, ಜಮೀನಿನ ಪತ್ರವೂ ಹೌದು. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಪ್ರಸಿದ್ಧ ಶಾಸನವೂ ಕಾಳಗದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ಭೂಮಿಯ ದಾಖಲೆಯೇ.

ಅಕ್ಷರ ಓದಬೇಕೆಂದಿದ್ದರೆ ಬೆಳಗ್ಗೆ ಇಲ್ಲವೇ ಇಳಿಹೊತ್ತಿನಲ್ಲಿ ಹೋಗಿ. ಓರೆಬಿಸಿಲಿಗೆ ಕೆತ್ತನೆ ಎದ್ದು ಕಾಣುತ್ತದೆ. ಮಧ್ಯಾಹ್ನವಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಎಷ್ಟೋ ಕಲ್ಲುಗಳನ್ನು ಊರವರು ವೀರಪ್ಪ, ಮಾಸ್ತಮ್ಮ ಎಂದು ಎಣ್ಣೆ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಚಪ್ಪಲಿ ಕಳಚಿ, ಕೇಳಿ, ಆಮೇಲೆ ಹತ್ತಿರ ಹೋಗುವುದು ಮರ್ಯಾದೆ. ಅಕ್ಷರ ಮಸುಕಾಗುತ್ತದೆಂದು ವಿದ್ವಾಂಸರು ಗೊಣಗಬಹುದು. ಆದರೆ ಪೂಜೆಯಿರುವ ಕಲ್ಲನ್ನು ಯಾರೂ ಮೋರಿಗೆ ಹಾಸುವುದಿಲ್ಲ, ಬಟ್ಟೆ ಒಗೆಯಲು ಒಯ್ಯುವುದಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು. ಬದುವಿನ ಮೇಲಿನ ಕಲ್ಲಿಗೆ ಕಾವಲು ಮಾಸ್ತಮ್ಮನದೇ.

ಹಳೇಬೀಡಿಗೆ ಮರಳಿ, ಜಾವಗಲ್, ಬಾಣಾವರ ದಾಟಿದರೆ ಅರಸೀಕೆರೆ. ಕುವರ ಲಕ್ಷ್ಮನ ಕಾಲದಲ್ಲಿ ಇದು ವರ್ತಕರ ಊರು. ರಾಜಧಾನಿಯಲ್ಲಿ ಗರುಡರು ತಲೆ ಕೊಟ್ಟ 1220ರಲ್ಲೇ ಇಲ್ಲಿ ಮಂತ್ರಿ ರೇಚರಸ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ನಕ್ಷತ್ರಾಕಾರದ ಮುಖಮಂಟಪದ ಈಶ್ವರ ದೇಗುಲವೂ ಅದೇ ಸುಮಾರಿನದು. ಒಡೆಯ ಹೋದ ದಿನ ಜಗತ್ತು ಮುಗಿಯಿತೆಂದು ಎಲ್ಲರೂ ಭಾವಿಸಲಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಈ ಸೀಮೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಊರುವಾರು ಅಚ್ಚು ಹಾಕಿಸಿದರು. ಅದನ್ನು ಹಿಡಿದು ಹೊರಟರೆ ಪುಸ್ತಕದಲ್ಲಿರುವ ಕಲ್ಲು ಊರಲ್ಲಿ ಇದೆಯೇ ಎಂದು ಹುಡುಕುವುದೇ ಒಂದು ಯಾತ್ರೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋಗಿಬನ್ನಿ. ಅಲ್ಲಿ ನೆತ್ತಿಯ ಮೇಲೆ ಆನೆ ಹೊತ್ತ ಗರುಡಗಂಬಗಳಿವೆ. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳೊಂದಿಗೆ ಸತ್ತ ಕತೆ ಅವುಗಳ ಮೇಲಿದೆ. ನಾಯಕರ ಹೆಸರಿದೆ, ಅವರ ಹೆಂಡಿರ ಹೆಸರೂ ಇದೆ. ಜೊತೆಗೆ ಸತ್ತ ಸೇವಕ ಸೇವಕಿಯರು, ಅಂದರೆ ಲೆಂಕರು, ಲೆಂಕಿತಿಯರು, ಎಷ್ಟು ಮಂದಿ ಎಂದಷ್ಟೇ ಬರೆದಿದೆ.